ಮುಡುಪು ಕಟ್ಟಿದ ನಮಸ್ಕಾರ

ನನ್ನ ಕೈಯಲ್ಲಿದ್ದ ಕಾಗದದಲ್ಲಿ ಹದಿನಾಲ್ಕು ‘ಕೂಡದು’ಗಳಿದ್ದವು. ಕೆಮ್ಮಕೂಡದು, ಸೀನಕೂಡದು, ಗಟ್ಟಿಯಾಗಿ ಕೂಗಕೂಡದು, ಎಲೆಅಡಿಕೆ ಜಗಿಯಕೂಡದು, ಮಗ್ಗುಲಾಗಕೂಡದು, ಕಣ್ಣು ಉಜ್ಜಕೂಡದು, ವಿಭೂತಿ ಹಚ್ಚಕೂಡದು, ಹೀಗೆ. ಮೈಸೂರಿನಲ್ಲಿ ಕುರ್ಚಿ ಮೇಲೆ ಕೂತು ಡಾಕ್ಟರು ಒಂದೊಂದಾಗಿ ಹೇಳಿದ್ದರು, ನಾನು ದುಂಡಗೆ ಬರೆದುಕೊಂಡಿದ್ದೆ. ನನ್ನ ಅಕ್ಷರದ ಮೇಲೆ ನನಗೆ ಆಗ ಸ್ವಲ್ಪ ಜಂಬವಿತ್ತು. ಹದಿನೈದನೆಯದೊಂದು ಇರಬೇಕಿತ್ತು ಎನ್ನುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎಪ್ಪತ್ತರ ದಶಕದ ಶುರುವಿನ ಮಾತು. ನಾನು ಮೈಸೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುತ್ತಿದ್ದೆ. ಒಂದು ಧರ್ಮಸಂಸ್ಥೆಯವರು ಹನೂರಿನ ಛತ್ರದಲ್ಲಿ ಬಡವರಿಗೆ ಪುಕ್ಕಟೆಯಾಗಿ ಕಣ್ಣಿನ ಪೊರೆ ತೆಗೆಯುವ ಶಿಬಿರ ಮಾಡುತ್ತೇವೆ, ಸ್ವಯಂಸೇವಕರು ಬೇಕು ಎಂದರು. ಪೊರೆ ತೆಗೆಸಿಕೊಂಡ ಮೇಲೆ ಆ ಕಾಲದಲ್ಲಿ ಎಲ್ಲರಿಗೂ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕಾಗುತ್ತಿತ್ತು. ಅದಕ್ಕೆ ನಾನು. ಆದರೆ ಕನ್ನಡಕ ಕೊಡುವುದು ಆಪರೇಷನ್ ಆಗಿ ಒಂದು ಮಂಡಲ ಕಳೆದ ಮೇಲೆ. ಅಲ್ಲಿಯವರೆಗೆ ಸುಮ್ಮನೆ ಕೂತಿರುವವನಿಗೆ ವಾರ್ಡು ನೋಡಿಕೊಳ್ಳುವ ಕೆಲಸ ಇರಲಿ ಎಂದು ಡಾಕ್ಟರು ಹದಿನಾಲ್ಕು ಕೂಡದುಗಳನ್ನು ನನ್ನ ಕೈಗೆ ಕೊಟ್ಟರು.

ಮೊದಲ ಪೆಟ್ಟು ಬಿದ್ದದ್ದು ಸೋಮವಾರ. ಅಂದು ಬೆಳಿಗ್ಗೆ ರೋಗಿಗಳು ಬರಬೇಕೆಂದು ಹಿಂದಿನ ವಾರವೇ ಯಳಂದೂರಿನಿಂದ ಹನೂರಿನವರೆಗೆ ತಮಟೆ ಹೊಡೆಸಿ ಸಾರಿಸಿದ್ದೆವು. ನೂರು ಜನ ಬರುತ್ತಾರೆಂದು ಅನ್ನಕ್ಕೆ ಎಸರಿಟ್ಟರೆ, ಬಸ್ಸಿನಲ್ಲಿ ಬಂದ ಎಂಟು ಜನ ಬಿಟ್ಟು ಒಂದು ಪಿಳ್ಳೆಯೂ ಇಲ್ಲ. ಡಾಕ್ಟರ ಮುಖ ಹುಳ್ಳಗಾಯಿತು. ಛತ್ರದ ಕಾವಲಿನವನು ಕಂಬಕ್ಕೆ ಒರಗಿಕೊಂಡು ನಮ್ಮ ಪರದಾಟವನ್ನು ಸಾಕಷ್ಟು ಹೊತ್ತು ನೋಡಿ, ಆಮೇಲೆ ಬಾಯಿ ಬಿಟ್ಟ.

“ಸ್ವಾಮಾರ ಯಾರ್ ಸಾ ಎತ್ತಿನ್ ಕತ್ತಿಗೆ ನೊಗ ಮಡಗ್ತಾರೆ? ಬಸವಣ್ಣನ ದಿನ. ಕಣ್ ಕಾಣ್ದೋರು ಗಾಡಿ ಇಲ್ದೆ ಎಂಗ್ ಬತ್ತಾರೆ? ನಾಳೀಕೆ ನೋಡಿ.”

ಮಂಗಳವಾರ ಹೊತ್ತು ಮೂಡುವ ಮುಂಚೆಯೇ ಛತ್ರದ ಮುಂದೆ ಗಾಡಿಗಳ ಸಾಲು ನಿಂತಿತ್ತು. ಡಾಕ್ಟರು ನಕ್ಕರು, ನಾನೂ ನಕ್ಕೆ. ಈ ಸೀಮೆಯ ಬಗ್ಗೆ ಕಲಿಯಬೇಕಾದ್ದನ್ನು ಕಲಿತಾಯಿತು ಎಂದು ನಾವಿಬ್ಬರೂ ಅಂದುಕೊಂಡೆವು.

ಮೊದಲ ಗಾಡಿಯಿಂದ ಇಳಿದವರು ಹನೂರಿನಾಚೆಯ ಹಳ್ಳಿಯೊಂದರ ಅತ್ತೆ ಸೊಸೆ. ಅತ್ತೆಗೆ ಅರವತ್ತರ ಆಸುಪಾಸು. ಬಲಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು, ಎಡಗಣ್ಣಿಗೆ ಪೊರೆ ಬಂದಿತ್ತು. ಇದ್ದದ್ದೇ ಅದೊಂದು ಕಣ್ಣು. ಡಾಕ್ಟರು ಟಾರ್ಚು ಹಿಡಿದು ನೋಡಿ, “ಪೊರೆ ಚೆನ್ನಾಗಿ ಹಣ್ಣಾಗಿದೆ, ತೆಗೀಬಹುದು” ಎಂದರು.

ಆಕೆ ನಕ್ಕುಬಿಟ್ಟಳು. “ಉಳ ಅಣ್ಣಾಗೋದ ನೋಡಿವ್ನಿ ಕಣಪ್ಪ, ಕಣ್ ಅಣ್ಣಾಗೋದ ಈಗ್ಲೇ ಕೇಳ್ತಿರೋದು.”

ಹುಳವೆಂದರೆ ರೇಷ್ಮೆ ಹುಳ. ಗೂಡು ಕಟ್ಟುವ ಹೊತ್ತಿಗೆ ಅದರ ಮೈ ಹೊಂಬಣ್ಣಕ್ಕೆ ತಿರುಗಿ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಅದೇ ಹಣ್ಣಾದ ಹುಳ. ಅದನ್ನು ಮಾತ್ರ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೇಗ ಆರಿಸಿದರೆ ಗೂಡು ಜೊಳ್ಳು, ತಡವಾದರೆ ನೂಲು ತಟ್ಟೆಯಲ್ಲೇ ಹಾಳು. ಊರಿನಲ್ಲಿ ಯಾರ ಮನೆಯ ಹುಳ ಹಣ್ಣಾದರೂ ಈ ಹೆಂಗಸನ್ನೇ ಕೂಲಿಗೆ ಕರೆಯುತ್ತಿದ್ದರಂತೆ. ಈಗ ನಾಲ್ಕು ವರ್ಷದಿಂದ ಗೋಡೆಗೆ ಒರಗಿ ಕೂತಿದ್ದಾಳೆ. ಮಗ ಬಿಳಿಗಿರಿ ಬೆಟ್ಟದ ಕಡೆ ಎಸ್ಟೇಟು ಕೆಲಸಕ್ಕೆ ಹೋದವನು ಜ್ವರ ಬಂದು ತೀರಿಕೊಂಡ. ಮನೆಯಲ್ಲಿ ಉಳಿದವರು ಇವರಿಬ್ಬರೇ.

ಹೆಸರು ಬರೆಸಿ ಆದ ಮೇಲೆ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು.

“ಇದೊಂದ್ ಕಣ್ಣು ಬತ್ತದಾ ಸಾ? ನಮ್ಮತ್ತೇನ ಒಂಟಿಯಾಗಿ ಬುಟ್ಟು ನಾನ್ ಕೂಲಿಗೆ ಓಗಂಗಿಲ್ಲ. ಓದ್ರೆ ಒಲೆಗೋ ಬಾವಿಗೋ ಬೀಳ್ತದೆ ಜೀವ. ಓಗ್ದೆ ಇದ್ರೆ ಇಟ್ಟಿಲ್ಲ. ಬತ್ತದಾ?”

“ಬರುತ್ತಮ್ಮ, ಬರುತ್ತೆ” ಎಂದೆ. ಗಾಜು ಅರೆಯುವವನಿಗೆ ಅಂಥ ಮಾತು ಕೊಡಲು ಏನು ಅಧಿಕಾರ? ಆದರೂ ಕೊಟ್ಟೆ. ನಾಲಗೆಗೆ ಎಲುಬಿಲ್ಲ.

ಕೆಲಸ ಶುರುವಾಯಿತು. ಛತ್ರದ ಒಳಕೋಣೆಯ ಕಿಟಕಿಗಳಿಗೆ ಒದ್ದೆ ದುಪ್ಪಟಿ ಕಟ್ಟಿ ಧೂಳು ತಡೆದೆವು. ಸೀಮೆಎಣ್ಣೆ ಸ್ಟೌ ಮೇಲೆ ಕತ್ತರಿ, ಚಿಮಟಗಳು ಕುದಿಯುತ್ತಿದ್ದವು. ಕೊಳ್ಳೇಗಾಲದಿಂದ ಬಂದಿದ್ದ ನರ್ಸಮ್ಮ ಒಬ್ಬೊಬ್ಬರ ಮುಖ ಸಾಬೂನು ಹಾಕಿ ತೊಳೆದು, ಕತ್ತರಿಯ ಅಲಗಿಗೆ ವ್ಯಾಸಲೀನು ಸವರಿ ರೆಪ್ಪೆಯ ಕೂದಲು ಕತ್ತರಿಸುತ್ತಿದ್ದರು. ಕೂದಲು ಕಣ್ಣೊಳಗೆ ಬೀಳದೆ ವ್ಯಾಸಲೀನಿಗೇ ಅಂಟಿಕೊಳ್ಳುತ್ತಿತ್ತು. ಯಾವ ಕಣ್ಣೋ ಅದರ ಮೇಲಿನ ಹಣೆಗೆ ಅಂಟುಪಟ್ಟಿ ಹಚ್ಚಿ ನಂಬರು ಬರೆಯುವುದು ನನ್ನ ಕೆಲಸ. ಡಾಕ್ಟರು ಕಣ್ಣ ಸುತ್ತ ಮರಗಟ್ಟುವ ಸೂಜಿ ಚುಚ್ಚಿ, ಕರಿಗುಡ್ಡೆಯ ಅಂಚಿನಲ್ಲಿ ಸೀಳಿ, ಪೊರೆಯನ್ನು ಇಡಿಯಾಗಿ ಹೊರಗೆ ತೆಗೆದು, ಕೂದಲಿಗಿಂತ ಸಣ್ಣ ರೇಷ್ಮೆ ಎಳೆಯಲ್ಲಿ ಒಂದೇ ಒಂದು ಹೊಲಿಗೆ ಹಾಕುತ್ತಿದ್ದರು. ಶಿಬಿರಗಳಲ್ಲಿ ಆಗ ಒಂದೇ ಹೊಲಿಗೆ. ಸಾಲು ಉದ್ದ, ಹಗಲು ಚಿಕ್ಕದು. ಗಾಯ ಕೂಡುವವರೆಗೆ ಆ ಕಣ್ಣನ್ನು ಕಾಯುವುದು ಹೊಲಿಗೆಯಲ್ಲ, ರೋಗಿ ಅಲ್ಲಾಡದೆ ಮಲಗುವುದು.

ಆದ್ದರಿಂದ ನನ್ನ ವಾರ್ಡು. ಹಜಾರದ ಕಲ್ಲುಹಾಸಿನ ಮೇಲೆ ಭತ್ತದ ಹುಲ್ಲು, ಅದರ ಮೇಲೆ ಚಾಪೆ, ಚಾಪೆ ಮೇಲೆ ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಅಂಗಾತ ಮಲಗಿದವರು. ತಲೆ ಹೊರಳದಂತೆ ಎರಡೂ ಕಡೆ ಮರಳಿನ ಚೀಲ. ಪ್ರತಿಯೊಬ್ಬರ ಪಕ್ಕದಲ್ಲೂ ಮನೆಯವರೊಬ್ಬರು. ಅಗಿಯುವ ಹಾಗಿಲ್ಲವಾದ್ದರಿಂದ ಮೂರು ಹೊತ್ತೂ ರಾಗಿ ಅಂಬಲಿ. ನಾನು ದಿನಕ್ಕೆ ನಾಲ್ಕು ಸಲ ಹದಿನಾಲ್ಕು ಕೂಡದುಗಳನ್ನು ಓದುತ್ತಿದ್ದೆ. ಎಲ್ಲರೂ ಕೈಮುಗಿದು ಕೇಳುತ್ತಿದ್ದರು. ಒಬ್ಬರೂ ಕೆಮ್ಮಲಿಲ್ಲ. ಸೀನು ಬಂದವನು ಮೂಗು ಹಿಡಿದು ಒದ್ದಾಡಿದನೇ ಹೊರತು ಸೀನಲಿಲ್ಲ. ಇಷ್ಟು ವಿಧೇಯರಾದ ಜನ ಮೈಸೂರಿನಲ್ಲೂ ಸಿಗುವುದಿಲ್ಲ ಎಂದು ನಾನು ಡಾಕ್ಟರಿಗೆ ಹೇಳಿಯೂಬಿಟ್ಟೆ.

ಗುರುವಾರ ಬೆಳಿಗ್ಗೆ ಮೊದಲ ದಿನದವರ ಬ್ಯಾಂಡೇಜು ಬಿಚ್ಚುವುದಿತ್ತು. ಒಂಟಿ ಕಣ್ಣಿನ ಆ ಅವ್ವನನ್ನೇ ಮೊದಲು ನೋಡಿಬಿಡೋಣ ಎಂದರು ಡಾಕ್ಟರು. ನಾನು ಬಿಚ್ಚಿದೆ. ಡಾಕ್ಟರು ಕಣ್ಣನ್ನು ಪರೀಕ್ಷಿಸಿ, ಬೆರಳು ತೋರಿಸಿ ಎಷ್ಟು ಎಂದು ಕೇಳಿದರು.

“ಮೂರು ಬೆಳ್ಳು ಕಣಪ್ಪ! ಮೂರು!”

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಡಾಕ್ಟರು, “ಭೇಷ್. ಮತ್ತೆ ಕಟ್ಟಿ” ಎಂದು ಪಕ್ಕದ ಚಾಪೆಗೆ ಹೊರಳಿದರು. ನಾನು ಆ ಕ್ಷಣ ಆಕೆಯ ತಲೆ ಹಿಡಿದು ಕೂತಿರಬೇಕಿತ್ತು. ಹತ್ತಿಯ ಡಬ್ಬಿ ತರಲು ನಾಲ್ಕು ಹೆಜ್ಜೆ ಹೋದೆ. ಅಷ್ಟೇ.

ತಿರುಗಿ ನೋಡುವಾಗ ಆಕೆ ಬೋರಲಾಗಿ, ಮಂಡಿ ಮಡಿಸಿ, ಡಾಕ್ಟರ ಪಾದದ ಹಿಂದೆ ಕಲ್ಲುಹಾಸಿಗೆ ಹಣೆ ಒತ್ತಿ ಅಡ್ಡಬಿದ್ದಿದ್ದಳು. ಒಂದು ಸಲವಲ್ಲ. ನಾನು ಕೂಗುವಷ್ಟರಲ್ಲಿ ಎರಡನೇ ಸಲ ಹಣೆ ನೆಲಕ್ಕೆ ತಾಗಿತು.

ಎತ್ತಿ ಮಲಗಿಸಿದಾಗ ಕೆನ್ನೆ ಮೇಲೆ ನೀರು ಹರಿಯುತ್ತಿತ್ತು. ಅಳು ಎಂದುಕೊಂಡೆ. ಅಳುವಾಗಿರಲಿಲ್ಲ. ಹೊಲಿಗೆ ಬಿಟ್ಟು ಗಾಯ ಬಾಯಿ ತೆರೆದಿತ್ತು, ಅದರಿಂದ ಸಾಸಿವೆ ಕಾಳಿನಷ್ಟು ಕಪ್ಪು ಹೊರಗೆ ಇಣುಕುತ್ತಿತ್ತು. ಕಣ್ಣೊಳಗಿನ ಕರಿಪರದೆ ಅದು.

“ಯಾಕಪ್ಪ ಎಲ್ರೂ ಕೂಗ್ತಿದ್ದೀರಿ? ನಾನೇನ್ ಮಾಡ್ದೆ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬೆಳಕು ಓಯ್ತು ಕಣಪ್ಪ” ಎಂದಳು.

ಆಕೆಯನ್ನು ಚಾಪೆ ಸಮೇತ ಎತ್ತಿಕೊಂಡು ಒಳಕೋಣೆಗೆ ಹೋದೆವು. ಡಾಕ್ಟರು ಮತ್ತೆ ಮರಗಟ್ಟಿಸಿ, ಹೊರಬಂದ ಕಪ್ಪನ್ನು ಕತ್ತರಿಸಿ, ಗಾಯ ತೊಳೆದು ಹೊಲಿಯತೊಡಗಿದರು. ಟಾರ್ಚು ಹಿಡಿದವನು ನಾನು.

“ರೀ, ನೀವು ನಡುಗಿದರೆ ನಾನು ಹೊಲಿಯೋದು ಎಲ್ಲಿಗೆ?” ಎಂದರು ಡಾಕ್ಟರು. ಮೊಣಕೈಗಳನ್ನು ಮೇಜಿಗೆ ಊರಿ ಉಸಿರು ಬಿಗಿಹಿಡಿದೆ. ಈ ಸಲ ನಾಲ್ಕು ಹೊಲಿಗೆ. ಮುಗಿಸಿ ಕೈ ತೊಳೆಯುತ್ತಾ, “ಇನ್ನು ಹತ್ತು ದಿನ ಏನೂ ಹೇಳೋ ಹಾಗಿಲ್ಲ. ನಂಜಾಗದಿದ್ದರೆ ಉಳಿಯುತ್ತೆ. ನಂಜಾಯಿತೋ, ಅವರು ಬಾವಿಗೇ ಬಿದ್ದ ಹಾಗೆ” ಎಂದರು.

ಅವರ ಸಿಟ್ಟು ಹೊರಗೆ ಬಂದದ್ದು ಆಮೇಲೆ. ಉಳಿದವರ ಬ್ಯಾಂಡೇಜು ಬಿಚ್ಚುವುದನ್ನು ಅಂದು ಅಲ್ಲಿಗೇ ನಿಲ್ಲಿಸಿದರು. ಹಜಾರದಲ್ಲಿ ಇನ್ನೂ ನಲವತ್ತು ಜನ ಬ್ಯಾಂಡೇಜು ಕಟ್ಟಿಕೊಂಡು ಮಲಗಿದ್ದರು. ಕಣ್ಣು ಕಂಡ ಕೂಡಲೇ ಇವರೆಲ್ಲರೂ ಮಾಡುವ ಮೊದಲ ಕೆಲಸ ಏನು ಎನ್ನುವುದು ಈಗ ಗೊತ್ತಾಗಿತ್ತು. ನಾನು ಹದಿನೈದನೇ ಕೂಡದನ್ನು ಬರೆದು ಓದಿದೆ: ಯಾರೂ ಯಾರಿಗೂ ಅಡ್ಡಬೀಳಕೂಡದು.

ಅದುವರೆಗೆ ಎಲ್ಲಕ್ಕೂ ಮುಗಿದಿದ್ದ ಕೈ ಈ ಸಲ ಒಂದೂ ಏಳಲಿಲ್ಲ. ಕೊನೆಗೆ ಧನಗೆರೆ ಕಡೆಯ ಒಬ್ಬ ರೈತ ಮಲಗಿದಲ್ಲಿಂದಲೇ ಕೇಳಿದ.

“ಕಣ್ ಕೊಟ್ಟೋರ್ಗೆ ಅಡ್ಡಬೀಳ್ದೆ ಓದ್ರೆ, ಕೊಟ್ಟ ಕಣ್ಣು ನಿಂತದಾ ಸಾ?”

ಅದೇ ಹೊತ್ತಿಗೆ ರಸ್ತೆಯಲ್ಲಿ ಪರಸೆಯವರು ಬಂದರು. ಶಿವರಾತ್ರಿ ಹತ್ತಿರವಾಗಿತ್ತು. ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರ ಗುಂಪುಗಳು ದಿನವೂ ಛತ್ರದ ಮುಂದೆಯೇ ಹಾದುಹೋಗುತ್ತಿದ್ದವು. “ಉಘೇ ಉಘೇ ಮಾದಪ್ಪ” ಎಂಬ ಕೂಗು ಕೇಳಿದ್ದೇ ತಡ, ಹಜಾರದ ಎಂಬತ್ತು ಕೈಗಳು ಮೇಲೆದ್ದವು. ಎರಡು ತಲೆಗಳು ಮರಳಿನ ಚೀಲದ ನಡುವಿನಿಂದ ಎದ್ದೇಬಿಟ್ಟವು. ನಾನೂ ನರ್ಸಮ್ಮನೂ ಓಡಿ ಒಂದೊಂದನ್ನು ಒತ್ತಿ ಮಲಗಿಸಿದೆವು.

ಡಾಕ್ಟರು ಬಾಗಿಲಲ್ಲಿ ನಿಂತು ಇದನ್ನೆಲ್ಲಾ ನೋಡಿದರು. “ಎಲ್ಲರ ಕೈಗಳನ್ನೂ ಚಾಪೆಗೆ ಕಟ್ಟಿ” ಎಂದರು. “ನನಗೇನು ಖುಷಿಯಲ್ಲ. ನಾಳೆ ಹದಿನೆಂಟು ಜನರ ಬ್ಯಾಂಡೇಜು ಬಿಚ್ಚಬೇಕು. ಹದಿನೆಂಟು ಕಣ್ಣು ಕಳೆದು ಮೈಸೂರಿಗೆ ಹೋಗೋದಕ್ಕಿಂತ ಇದು ವಾಸಿ.”

ಬಟ್ಟೆ ಪಟ್ಟಿಗಳನ್ನು ಹಿಡಿದು ಧನಗೆರೆಯವನ ಹತ್ತಿರ ಕೂತೆ. ಆತ ಎರಡೂ ಮಣಿಕಟ್ಟುಗಳನ್ನು ಜೋಡಿಸಿ ಮುಂದೆ ಚಾಚಿದ. “ಕಟ್ಟಿ ಸಾ. ಒಂದ್ಸಲ ಪೊಲೀಸ್ನೋರೂ ಇಂಗೇ ಕಟ್ಟಿದ್ರು. ಅದೂ ನಾ ಮಾಡ್ದೆ ಇರೋ ತಪ್ಗೆ.”

ತಮಾಷೆಗೆ ಹೇಳಿದ್ದೋ ನೋವಿಗೆ ಹೇಳಿದ್ದೋ, ಬ್ಯಾಂಡೇಜಿನ ಕೆಳಗೆ ಮುಖ ಕಾಣಲಿಲ್ಲ. ನನ್ನ ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ. ಕಣ್ಣು ಕೊಡುತ್ತೇವೆ ಬನ್ನಿ ಎಂದು ತಮಟೆ ಹೊಡೆಸಿ ಕರೆದವರು ನಾವು. ಬಂದವರನ್ನು ಕಳ್ಳರ ಹಾಗೆ ಕಟ್ಟಿ ಮಲಗಿಸುವುದು ನನ್ನಿಂದ ಆಗದ ಕೆಲಸ. ಪಟ್ಟಿಗಳನ್ನು ಜೇಬಿಗೆ ತುರುಕಿಕೊಂಡು, ಮೂಲೆಯಲ್ಲಿ ಮಲಗಿದ್ದ ಗುಡ್ಡಪ್ಪನ ಹತ್ತಿರ ಹೋದೆ.

ಗುಡ್ಡಪ್ಪನೆಂದರೆ ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದು, ಕಂಸಾಳೆ ಹಿಡಿದು ಹಾಡುತ್ತಾ ಮನೆಮನೆಗೆ ಹೋಗುವವರು. ಈ ಮುದುಕರಿಗೂ ಬುಧವಾರ ಪೊರೆ ತೆಗೆದಾಗಿತ್ತು. ತಲೆಯ ಹತ್ತಿರ ಜೋಳಿಗೆ ಇತ್ತು, ಅದರಲ್ಲಿ ಕಂಸಾಳೆ ಮತ್ತು ವಿಭೂತಿ. ಕಣ್ಣಿಗೆ ಹಚ್ಚಿಕೊಂಡಾರೆಂದು ಮೊದಲ ದಿನವೇ ನಾನು ಆ ವಿಭೂತಿಯ ಮೇಲೆ ಜಗಳವಾಡಿದ್ದೆ.

“ಗುಡ್ಡಪ್ನೋರೆ, ಹೀಗಾಗಿದೆ. ಯಾರೂ ಬಗ್ಗಬಾರದು. ಹೇಳಿದರೆ ಕೇಳೋ ಹಾಗೆ ಕಾಣಲ್ಲ. ಏನು ಮಾಡೋಣ?”

ಅವರು ಜೋಳಿಗೆಯನ್ನು ತಡವಿ ಹತ್ತಿರಕ್ಕೆ ಎಳೆದುಕೊಂಡರು.

“ನಂಗೂ ನಾಳೆ ಬಿಚ್ತೀರಲ್ವಾ?”

“ಹೌದು.”

“ನಾನೂ ಅಡ್ಡಬೀಳೋನೇ ಇದ್ದೆ ಕಣಪ್ಪ. ನೀವ್ ಎಷ್ಟೇ ಬ್ಯಾಡ ಅಂದ್ರೂ ಬೀಳ್ತಿದ್ದೆ. ನೀವ್ ಬ್ಯಾಡ ಅಂತೀರಲ್ಲ, ಅಲ್ಲೇ ತಪ್ಪಿರೋದು. ಬ್ಯಾಡ ಅನ್ಬ್ಯಾಡಿ. ಆಮ್ಯಾಕೆ ಅನ್ನಿ. ನಮ್ ಜನ ಆಮ್ಯಾಕೆ ಅನ್ನೋದ ಕೇಳ್ತಾರೆ. ಬೆಟ್ಟಕ್ಕೆ ಓಗಾಕಾಗ್ದೆ ಇದ್ರೆ ಏನ್ ಮಾಡ್ತೀವಿ? ಅರಿಶ್ನದ ಬಟ್ಟೇಲಿ ಮುಡುಪು ಕಟ್ಟಿ ಮಡಗ್ತೀವಿ. ಆದಾಗ ಓಗಿ ಒಪ್ಪುಸ್ತೀವಿ. ಅಲ್ಲೀಗಂಟ ದೇವ್ರು ಏನೂ ಅನ್ನಾಕಿಲ್ಲ.”

ಹರಕೆಗೆ ಮುಡುಪು ಕಟ್ಟುವುದನ್ನು ನಮ್ಮಜ್ಜಿಯೂ ಮಾಡುತ್ತಿದ್ದಳು. ನಮಸ್ಕಾರಕ್ಕೂ ಕಟ್ಟಬಹುದೆಂದು ನನಗೆ ತೋಚಿರಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಾಳೆ ಬೆಳಿಗ್ಗೆಯವರೆಗೆ ಬಿಟ್ಟಿದ್ದೀನಿ. ಒಬ್ಬರು ಬಗ್ಗಿದರೂ ಕಟ್ಟೋದೇ. ಆಗ ನೀವೇ ಕಟ್ಟಬೇಕು” ಎಂದರು. ನರ್ಸಮ್ಮ ಮಾತ್ರ ಗಾಯದ ಬಟ್ಟೆ ಕೇಳಿದ್ದಕ್ಕೆ ಹೌಹಾರಿ ತಮಿಳಿನಲ್ಲೇ ದೇವರನ್ನು ಕರೆದರು.

“ಅಯ್ಯೋ ಕಡವುಳೇ! ಇರೋದೇ ಎರಡು ಸುರುಳಿ. ಇದನ್ನ ಅರಿಶಿನಕ್ಕೆ ಅದ್ದೋದಾ?”

ಬೈದರು, ಆದರೆ ಅದ್ದಿದವರೂ ಅವರೇ. ಕೊಳ್ಳೇಗಾಲದ ನೇಕಾರರ ಮನೆಯ ಮಗಳು. ನಾನು ಅರಿಶಿನದ ನೀರನ್ನು ಕಲಕುವ ರೀತಿ ನೋಡಲಾರದೆ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡರು. “ಹೀಗೆ ಅದ್ದಿದ್ರೆ ಮಚ್ಚೆ ಮಚ್ಚೆ ಆಗುತ್ತೆ. ಬಿಡಿ ಅತ್ಲಾಗೆ, ನಮ್ಮನೇಲಿ ಹುಟ್ಟಿದಾಗಿನಿಂದ ಇದೇ ಕೆಲಸ.” ಬಿಸಿಲಿಗೆ ಒಣಗಿಸಿದ ತುಂಡುಗಳು ಸಂಜೆಯ ಹೊತ್ತಿಗೆ ಒಂದೇ ಬಣ್ಣಕ್ಕೆ ನಿಂತಿದ್ದವು.

ಗುಡ್ಡಪ್ಪ ಮಲಗಿದಲ್ಲಿಂದಲೇ ಕಂಸಾಳೆಯನ್ನು ಒಂದು ಸಲ ಮೆಲ್ಲಗೆ ತಾಗಿಸಿದರು.

“ಕೇಳ್ರಪ್ಪಾ, ಕೇಳ್ರವ್ವಾ. ಕಣ್ ಕಂಡೇಟ್ಗೆ ಯಾರೂ ಬೀಳಬ್ಯಾಡಿ. ನಿಮ್ ನಮಸ್ಕಾರ ಎಲ್ಲೂ ಓಗಾಕಿಲ್ಲ. ಈಗ ಮುಡುಪು ಕಟ್ತಾವ್ರೆ. ಮಂಡಲ ತುಂಬಿದ್ಮ್ಯಾಲೆ ಬೆಟ್ಟಕ್ಕೋಗಿ ಬಿಚ್ಚಿ, ಅಲ್ಲಿ ಎಷ್ಟ್ ಸಲ ಬೇಕೋ ಅಷ್ಟ್ ಸಲ ಬೀಳಿ. ಅದ್ಕಿಂತ ಮುಂಚೆ ಬಿದ್ರೆ ಮುಡುಪು ಮುರ್ದಂಗೆ.”

ಆ ಕೊನೆಯ ಮಾತು ನನ್ನ ಹದಿನೈದು ಕೂಡದುಗಳಿಗೂ ಮೀರಿದ್ದು. ನಾನೂ ನರ್ಸಮ್ಮನೂ ಸಾಲು ಹಿಡಿದು, ಆ ಅವ್ವನನ್ನೂ ಬಿಡದೆ, ಒಬ್ಬೊಬ್ಬರ ಬಲಗೈ ಮಣಿಕಟ್ಟಿಗೆ ಅರಿಶಿನದ ಬಟ್ಟೆ ಕಟ್ಟುತ್ತಾ ಹೋದೆವು. ಒಳಗೆ ಗುಡ್ಡಪ್ಪನ ಜೋಳಿಗೆಯ ಒಂದು ಚಿಟಿಕೆ ವಿಭೂತಿ, ಹೊರಗೆ ನೇಕಾರರ ಬಿಚ್ಚದ ಗಂಟು. ಹೀಗೆ ವಿಭೂತಿಯ ಜಗಳವೂ ತೀರಿತು. ಕಟ್ಟಿ ಮುಗಿಯುತ್ತಿದ್ದಂತೆ ಗುಡ್ಡಪ್ಪ “ಉಘೇ” ಎಂದರು. ನಲವತ್ತು ಜನ ಎದೆ ತುಂಬಾ ಉಸಿರೆಳೆದುಕೊಂಡರು. ಗಟ್ಟಿಯಾಗಿ ಕೂಗಿದರೆ ಹೊಲಿಗೆಗಳ ಗತಿ! ನಾನು ಎರಡೂ ಕೈ ಮೇಲೆತ್ತಿ, “ಮೆಲ್ಲಗೇ! ಮೆಲ್ಲಗೇ!” ಎಂದು ಅಂಗಲಾಚಿದೆ.

ಆಗ ಆ ಹಜಾರದಲ್ಲಿ ನಲವತ್ತು ಜನ ಪಿಸುಮಾತಿನಲ್ಲಿ “ಉಘೇ ಉಘೇ” ಎಂದರು. ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ. ಬಾಗಿಲಲ್ಲಿ ನಿಂತಿದ್ದ ಡಾಕ್ಟರು ತಿರುಗಿ ಹೊರಗೆ ಹೋದರು.

ಶುಕ್ರವಾರ ಬೆಳಿಗ್ಗೆ ಧನಗೆರೆಯವನ ಬ್ಯಾಂಡೇಜನ್ನು ಬಿಚ್ಚುವಾಗ ನಾನು ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದೆ. ಅವನು ಡಾಕ್ಟರ ಬೆರಳು ಕಂಡ, ಸೂರಿನ ತೊಲೆ ಕಂಡ, ಹೆಂಡತಿಯ ಮುಖ ಕಂಡ. ಕುತ್ತಿಗೆ ಬಿಗಿಯಾದದ್ದು ನನ್ನ ಅಂಗೈಗೆ ಗೊತ್ತಾಯಿತು. ಆಮೇಲೆ ಎಡಗೈ ಬಲಗೈಯ ಮುಡುಪನ್ನು ಗಟ್ಟಿಯಾಗಿ ಹಿಡಿಯಿತು, ಕುತ್ತಿಗೆ ಸಡಿಲವಾಯಿತು. “ಆಮ್ಯಾಕೆ” ಎಂದ, ತನಗೆ ತಾನೇ. ಅಂದು ಹದಿನೆಂಟು ಜನ, ಮರುದಿನ ಉಳಿದವರು. ಒಬ್ಬರೂ ಬಗ್ಗಲಿಲ್ಲ. ಕೊನೆಯವರದು ಮುಗಿದಾಗ ಡಾಕ್ಟರು ನನ್ನ ಜೇಬಿಗೆ ಕೈಹಾಕಿ ಆ ಬಟ್ಟೆ ಪಟ್ಟಿಗಳನ್ನು ತೆಗೆದು ಒಲೆಗೆ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು.

ಪೂರ್ತಿ ಬರಲಿಲ್ಲ. ಆ ಅವ್ವನ ಒಂದು ಕಣ್ಣು ಬಾಕಿ ಇತ್ತು.

ಎಂಟು ದಿನಕ್ಕೆ ಶಿಬಿರ ಮುಗಿಯಿತು. ಗಾಡಿಗಳು ಬಂದವು, ಚಾಪೆಗಳು ಖಾಲಿಯಾದವು, ವ್ಯಾನು ಮೈಸೂರಿಗೆ ಹೊರಟಿತು. ಆಕೆಯನ್ನು ಕದಲಿಸುವ ಹಾಗಿರಲಿಲ್ಲ. ನರ್ಸಮ್ಮ ರಜೆ ಬೆಳೆಸಿದರು. ನಾನೂ ಉಳಿದೆ. ಅಂಗಡಿಯ ಯಜಮಾನರಿಗೆ ‘ಒಂದು ಕಣ್ಣಿನ ಕೆಲಸ ಬಾಕಿ ಇದೆ, ಮುಗಿಸಿ ಬರುತ್ತೇನೆ’ ಎಂದು ಕಾರ್ಡು ಬರೆದೆ. ‘ನಮ್ಮ ಅಂಗಡಿಗೆ ಬರುವವರಿಗೆ ಎರಡೆರಡು ಕಣ್ಣಿದ್ದಾವೆ, ಬೇಗ ಬಾ’ ಎಂದು ಉತ್ತರ ಬಂತು. ಸಿಟ್ಟಿನಲ್ಲೂ ಒಳ್ಳೆಯ ಮನುಷ್ಯ.

ಹೊತ್ತಿಗೆ ಸರಿಯಾಗಿ, ರೆಪ್ಪೆ ಪೂರ್ತಿ ತೆರೆಯದೆಯೇ, ಕಣ್ಣಿಗೆ ಹನಿ, ಚಮಚದಲ್ಲಿ ಅಂಬಲಿ. ಪ್ರತಿಸಲವೂ ಬ್ಯಾಂಡೇಜಿನ ಬಟ್ಟೆಯನ್ನು ಮೂಸಿ ನೋಡುತ್ತಿದ್ದೆ, ಕೀವಿನ ವಾಸನೆ ಇದೆಯೇ ಎಂದು. ಆಕೆ ಎಲೆಅಡಿಕೆಗೆ ಒದ್ದಾಡುತ್ತಿದ್ದಳು, ಬಾಯಿಬಿಟ್ಟು ಕೇಳಲಿಲ್ಲ. ತಪ್ಪು ಮಾಡಿದವಳು ಏನು ಕೇಳುವುದು ಎಂಬ ಹಾಗೆ ಬಿದ್ದುಕೊಂಡಿದ್ದಳು. ಅದು ನನ್ನನ್ನು ಹೆಚ್ಚು ತಿಂದಿತು.

ಒಂದು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಸೊಸೆ ಪಾತ್ರೆ ತೊಳೆಯುತ್ತಿದ್ದಾಗ ಹೇಳಿಬಿಟ್ಟೆ. “ನಾನು ಪಕ್ಕದಲ್ಲಿ ಇರಬೇಕಾಗಿತ್ತಮ್ಮ. ಹತ್ತಿ ತರಕ್ಕೆ ಹೋದೆ. ತಪ್ಪು ನಂದು.”

ಅವಳು ಪಾತ್ರೆಯಿಂದ ತಲೆ ಎತ್ತಲಿಲ್ಲ.

“ನೀವ್ ನಾಕೆಜ್ಜೆ ದೂರ ಇದ್ರಿ ಸಾ. ನಾನು ಮೊಗ್ಗುಲಲ್ಲೇ ಇದ್ದೆ. ನಾನ್ಯಾಕ್ ಇಡ್ಕಳ್ಳಿಲ್ಲ ಗೊತ್ತಾ?” ಎಂದು ನೀರು ಚೆಲ್ಲಿದಳು. “ನಾನೂ ಅಡ್ಡಬಿದ್ದಿದ್ದೆ.”

ಆ ಗಲಾಟೆಯಲ್ಲಿ ನಾವು ಯಾರೂ ಅವಳನ್ನು ನೋಡಿರಲಿಲ್ಲ. ಇಷ್ಟು ದಿನ ಅವಳೂ ಅದನ್ನು ಒಳಗೇ ಹೊತ್ತುಕೊಂಡು ಅಂಬಲಿ ಕಾಯಿಸುತ್ತಿದ್ದಳು.

ಹತ್ತನೇ ದಿನ ಡಾಕ್ಟರು ಕೊಳ್ಳೇಗಾಲದ ಬೆಳಗಿನ ಬಸ್ಸಿಗೆ ಬಂದರು. ನಾನು ತಲೆ ಹಿಡಿದೆ, ಸೊಸೆ ಭುಜ ಹಿಡಿದಳು, ನರ್ಸಮ್ಮ ಬಿಚ್ಚಿದರು. ಕಣ್ಣು ಕೆಂಪಗಿತ್ತು, ಆದರೆ ತಿಳಿಯಾಗಿತ್ತು. ಕೀವಿಲ್ಲ. ಕರಿಪರದೆಯ ಅಂಚು ಕತ್ತರಿಸಿದ್ದರಿಂದ ನಡುವಿನ ಕಪ್ಪು ದುಂಡಗಿರುವ ಬದಲು ಬೀಗದ ಕೈ ತೂತಿನ ಹಾಗಿತ್ತು. ಡಾಕ್ಟರು ಬೆರಳು ಎತ್ತಿದರು.

“ಎಷ್ಟವ್ವ?”

ಉತ್ತರವಿಲ್ಲ. ಮತ್ತೆ ಕೇಳಿದರು. ಆಗಲೂ ಇಲ್ಲ. ನೋಡಿದರೆ ಆಕೆ ಮಣಿಕಟ್ಟಿನ ಮುಡುಪನ್ನು ಬೆರಳು ಬಿಳಿಚುವಷ್ಟು ಗಟ್ಟಿ ಹಿಡಿದಿದ್ದಾಳೆ.

“ಮಾತಾಡುದ್ರೆ ಏನೂ ಆಗಾಕಿಲ್ವಾ?”

“ಏನೂ ಆಗಲ್ಲ, ಮಾತಾಡು.”

“ಎಲ್ಡು” ಎಂದಳು. “ಒಂದ್ರಲ್ಲಿ ಉಂಗುರ ಅದೆ.”

ಡಾಕ್ಟರು ಉಂಗುರದ ಬೆರಳನ್ನು ಮಡಿಸಿ ಒಂದು ಕ್ಷಣ ಅದನ್ನೇ ನೋಡಿದರು. ನಾನು ಛತ್ರದ ಹಿಂದಕ್ಕೆ ಹೋಗಿ, ಹುಲ್ಲಿನ ರಾಶಿಯ ಪಕ್ಕ ಕೂತು ಚೆನ್ನಾಗಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಮೈಸೂರಿಗೆ ಹೋಗಿ ಒಂದು ತಿಂಗಳಿಡೀ ಹತ್ತರ ನಂಬರಿನ ದಪ್ಪ ಗಾಜುಗಳನ್ನೇ ಅರೆದೆ. ಮಂಡಲ ತುಂಬಿದ ಮೇಲೆ ಪೆಟ್ಟಿಗೆ ಹೊತ್ತು ಹನೂರಿಗೆ ಬಂದೆ. ಸೋಮವಾರ ಬಿಟ್ಟು. ಅದೇ ಛತ್ರ, ಅದೇ ಜನ. ಎಲ್ಲರ ಕೈಯಲ್ಲೂ ಮುಡುಪು, ಅರಿಶಿನ ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿತ್ತು, ಗಂಟು ಮಾತ್ರ ಬಿಟ್ಟಿರಲಿಲ್ಲ. ಒಬ್ಬೊಬ್ಬರ ಮೂಗಿಗೆ ಕಿವಿಗೆ ಕನ್ನಡಕ ಹೊಂದಿಸಿ ಹೇಳಿಕೊಟ್ಟೆ: ದೂರದ್ದಕ್ಕೆ ಕಣ್ಣಿಗೆ ಒತ್ತಿ ಹಾಕಿಕೊಳ್ಳಿ, ಹತ್ತಿರದ ಸಣ್ಣ ಕೆಲಸಕ್ಕೆ ಮೂಗಿನ ತುದಿಗೆ ಜಾರಿಸಿಕೊಳ್ಳಿ. ಗುಡ್ಡಪ್ಪ ಕನ್ನಡಕ ಹಾಕಿಕೊಂಡು ಮೊದಲು ತಮ್ಮ ಕಂಸಾಳೆಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಬೆಟ್ಟಕ್ಕೆ ಹೊರಡುವವರ ಗುಂಪು ಸೇರಿತು. ಈ ಸಲ “ಉಘೇ” ಎಂದು ಕೂಗಿದ್ದು ಛತ್ರದ ಹೆಂಚಿಗೆ ತಾಗಿತು. ನಾನು ಮೆಲ್ಲಗೆ ಎನ್ನಲಿಲ್ಲ.

ಅತ್ತೆ ಸೊಸೆ ಹಿಂದೆ ಉಳಿದರು. ಸೊಸೆ ಕೂಲಿಗೆ ಹೋಗಲು ಶುರುಮಾಡಿ ಎರಡು ವಾರವಾಗಿತ್ತಂತೆ. ಅತ್ತೆ ಕನ್ನಡಕದಿಂದ ಅತ್ತಿತ್ತ ನೋಡಿ, “ಇದೇನಪ್ಪ, ಎಲ್ಲಾ ಇಂಗೆ ಅತ್ರಕ್ಕೇ ಬಂದ್ಬುಟ್ಟವೆ!” ಎಂದಳು. ಆಮೇಲೆ ಕನ್ನಡಕ ತೆಗೆದು ಜೋಪಾನವಾಗಿ ಸೊಸೆಯ ಕೈಗೆ ಕೊಟ್ಟಳು.

“ದೇವ್ರುದ್ದು ಬೆಟ್ಟದಲ್ಲಿ. ನಿಂದು ಇಲ್ಲೇ.”

ನಾನು ಹಿಂದೆ ಸರಿಯುವಷ್ಟರಲ್ಲಿ ಅಡ್ಡಬಿದ್ದಳು. ಅದೇ ಕಲ್ಲುಹಾಸು, ಅದೇ ಹಣೆ.

“ಅವ್ವಾ! ತಲೆ! ತಲೆ ಎತ್ತು!” ಎಂದು ಕಿರುಚಿದೆ. ಆಕೆ ನಿಧಾನವಾಗಿ ಎದ್ದು, ಕನ್ನಡಕ ಹಾಕಿಕೊಂಡು, ಬೀಗದ ಕೈ ತೂತಿನಂಥ ಆ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕಾಣುತ್ತಾ ಅವ್ವ?”

“ಕಾಣ್ತದೆ ಕಣ್ಮಗ. ನಿನ್ ಅಂಗೀಲಿ ಒಂದ್ ಗುಂಡಿ ಇಲ್ಲ.”

ಇರಲಿಲ್ಲ, ನಿಜ. ಆಕೆ ಎಲೆಅಡಿಕೆ ಚೀಲದಿಂದ ಸೂಜಿ ತೆಗೆಸಿದಳು, ಜೊತೆಗೆ ಸುತ್ತಿಟ್ಟ ರೇಷ್ಮೆ ಎಳೆ. ಸೊಸೆ ದಾರ ಪೋಣಿಸಲು ಹೋದರೆ, “ತತ್ತಾ ಇಲ್ಲಿ” ಎಂದು ಕಿತ್ತುಕೊಂಡಳು. ಕನ್ನಡಕವನ್ನು ನಾನು ಹೇಳಿಕೊಟ್ಟ ಹಾಗೆ ಮೂಗಿನ ತುದಿಗೆ ಜಾರಿಸಿದಳು. ಒಂದು ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಎಳೆಯ ತುದಿಯನ್ನು ನಾಲಗೆಗೆ ತಾಗಿಸಿ ಹೊಸೆದು ಮೂರನೇ ಸಲ ಹಾಕಿದಾಗ ಸೂಜಿಯ ಆ ಕಡೆಯಿಂದ ಎಳೆ ಬಂತು. ಸೊಸೆ ಮುಖ ಆ ಕಡೆ ತಿರುಗಿಸಿಕೊಂಡಳು.

ನನ್ನ ಅಂಗಿಯ ತೋಳಿನ ಗುಂಡಿ ಕಿತ್ತು ಎದೆಗೆ ಹಚ್ಚಿ ಹೊಲಿದಳು. ಒಂದಲ್ಲ, ನಾಲ್ಕು ಸುತ್ತು. ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಲ್ಲಿ ಕಡಿಯಲು ನನ್ನ ಎದೆಯ ಹತ್ತಿರಕ್ಕೆ ತಲೆ ಬಗ್ಗಿಸಿದಳು. ಈ ಸಲ ನಾನು ಏನೂ ಅನ್ನಲಿಲ್ಲ.